ಕೀಟೋ, ಹದಿನಾರು ಗಂಟೆ ಉಪವಾಸ, ಅರ್ಧ ಮುದ್ದೆ: ಮೂರನ್ನೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ತೂಕ ಇಳಿಸಲು ನನ್ನ ಓಟು ಅರ್ಧ ಮುದ್ದೆಗೆ. ಕೀಟೋ ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದೇನೆ.

ಕೀಟೋ ಅಂದರೆ ಕೊಬ್ಬು ಜಾಸ್ತಿ, ಕಾರ್ಬ್ಸ್ (ಪಿಷ್ಟ, ಸಕ್ಕರೆ) ತೀರಾ ಕಡಿಮೆ ಇರುವ ಪಥ್ಯ. ದಿನಕ್ಕೆ ಕಾರ್ಬ್ಸ್ 20ರಿಂದ 50 ಗ್ರಾಂ ಒಳಗಿರಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲೇ ಅದು 65 ದಾಟುತ್ತದೆ. ಮುದ್ದೆ, ಅನ್ನ, ಇಡ್ಲಿ ಎಲ್ಲಕ್ಕೂ ಟಾಟಾ. ಮೊದಲ ವಾರ ಮೂರು ಕೆಜಿ ಇಳಿಯಿತು, ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದರಲ್ಲಿ ಜಾಸ್ತಿ ಪಾಲು ನೀರು! ಮೈಯಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಒಂದು ಗ್ರಾಂಗೆ ಸುಮಾರು 3 ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಅದು ಕರಗಿದಾಗ ನೀರೂ ಹೋಗುತ್ತದೆ. ಐದನೇ ವಾರ ಒಂದು ಮದುವೆ ಊಟ, ಎರಡು ಕೆಜಿ ವಾಪಸ್. ಪನೀರ್, ಬಾದಾಮಿಯ ಖರ್ಚು ಕೇಳಲೇಬೇಡಿ. ಮಲಬದ್ಧತೆ ಬೇರೆ.

ಹದಿನಾರು ಗಂಟೆ ಉಪವಾಸಕ್ಕೆ ಕಾಸು ಖರ್ಚಿಲ್ಲ. ಮಧ್ಯಾಹ್ನ 12ರಿಂದ ರಾತ್ರಿ 8ರ ಒಳಗೆ ಊಟ, ಅಷ್ಟೇ. ಆದರೆ ಬೆಳಗಿನ ಕಾಫಿ?

ಆರು ಗಂಟೆಗೆ ಅಮ್ಮ ಡಿಕಾಕ್ಷನ್ ಇಳಿಸುತ್ತಾಳೆ, ಘಮ ಮನೆಯೆಲ್ಲ. ಹಾಲು, ಸಕ್ಕರೆ ಬಿದ್ದರೆ ಉಪವಾಸ ಮುರಿಯಿತು. ಬರೀ ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿ ನಾಲ್ಕು ದಿನ ಕುಡಿದೆ, ಥೇಟ್ ಕಷಾಯ. ಐದನೇ ದಿನ "ಒಂದು ಚಮಚ ಹಾಲು ಪರವಾಗಿಲ್ಲ" ಅಂದುಕೊಂಡೆ. ಚಮಚ ಅರ್ಧ ಲೋಟವಾಯಿತು.

ಸರಿ, ಊಟದ ಹೊತ್ತನ್ನೇ ಬೆಳಿಗ್ಗೆ 6ರಿಂದ 2ಕ್ಕೆ ತಂದೆ. ಕಾಫಿ ಉಳಿಯಿತು, ರಾತ್ರಿ ಊಟ ಹೋಯಿತು. ಎಲ್ಲರೂ ತಟ್ಟೆ ಹಾಕಿಕೊಂಡಾಗ ನಾನೊಬ್ಬ ಮೊಬೈಲ್ ನೋಡುತ್ತಾ ಕೂತಿರುತ್ತಿದ್ದೆ. "ಏನೋ ಮಗ, ಯಾರ ಮೇಲೆ ಮುನಿಸು?" ಅಂದಳು ಅಮ್ಮ. ಅಲ್ಲಿಗೆ ಮುಗಿಯಿತು.

(ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸಕ್ಕೆ ಇಳಿಯಬೇಡಿ.)

2022ರಲ್ಲಿ ಚೀನಾದಲ್ಲಿ 139 ಜನರನ್ನು ಒಂದು ವರ್ಷ ಪರೀಕ್ಷೆ ಮಾಡಿದ್ದರು. ಎಲ್ಲರಿಗೂ ಕ್ಯಾಲೊರಿ ಕಡಿಮೆ ಮಾಡಿ, ಅರ್ಧ ಜನಕ್ಕೆ ಮಾತ್ರ ಊಟದ ಹೊತ್ತನ್ನೂ ಕಟ್ಟಿಹಾಕಿದ್ದರು. ಎರಡೂ ಗುಂಪು ಇಳಿಸಿದ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಗಡಿಯಾರಕ್ಕಿಂತ ತಟ್ಟೆ ನೋಡಿದರೆ ಸಾಕು, ಅಲ್ವಾ?

ನನಗೆ ಬಸ್ಸಾರು ಸಿಕ್ಕಿತು. ಬೇಯಿಸಿ ಬಸಿದ ನೀರು ಸಾರಿಗೆ, ಸೊಪ್ಪು ಕಾಳು ಪಲ್ಯಕ್ಕೆ. ಮೊದಲು ಒಂದೂವರೆ ಮುದ್ದೆಗೆ ಒಂದು ಹಿಡಿ ಪಲ್ಯ ನೆಂಚಿಕೊಳ್ಳುತ್ತಿದ್ದೆ. ಈಗ ಪಲ್ಯ ಅರ್ಧ ತಟ್ಟೆ, ಮುದ್ದೆ ಅರ್ಧ. ಬೇರೆ ಅಡುಗೆ ಬೇಡ, ವಾರಕ್ಕೆ ನಾಲ್ಕು ಕಟ್ಟು ಸೊಪ್ಪು ಜಾಸ್ತಿ. ಐದು ತಿಂಗಳಿಗೆ ನಾಲ್ಕು ಕೆಜಿ. ನಿಧಾನವೇ. ಅಮ್ಮನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ, ನಾನು ಕೈ ತೊಳೆಯುವವರೆಗೂ ಉಳಿದರ್ಧ ಮುದ್ದೆ ಹಿಡಿದೇ ನಿಂತಿರುತ್ತಾಳೆ.