ಹೊಸ ಭಾಷೆ: ತರಗತಿಯೋ, ಜನರ ಕೂಟವೋ?

ಲಿಪಿ, ವ್ಯಾಕರಣ, ಪರೀಕ್ಷೆ ಬೇಕಿದ್ದರೆ ತರಗತಿಯೇ ಸರಿ. ಭಾಷೆ ಎಷ್ಟು ಬರುತ್ತದೆಂದು ಅಳೆಯುವ ಯುರೋಪಿನ ಚೌಕಟ್ಟಿನ ಎ1ರಿಂದ ಸಿ2ವರೆಗಿನ 6 ಹಂತಗಳಲ್ಲಿ ಒಂದರ ಪ್ರಮಾಣಪತ್ರ ಕೇಳಿದ್ದರೆ ಬೇರೆ ದಾರಿ ಹುಡುಕಬೇಡಿ.

ಮಾತಾಡಲು ಬಂದರೆ ಸಾಕು ಎನ್ನುವವರು ಆ ಭಾಷೆಯ ಜನ ಸೇರುವ ಕೂಟಗಳಿಗೆ ಹೋಗಿ. ಅಲ್ಲಿ ಯಾರೂ ಪಾಠದ ವೇಗದಲ್ಲಿ ಮಾತಾಡುವುದಿಲ್ಲ. ಅರ್ಧ ವಾಕ್ಯ ನುಂಗುತ್ತಾರೆ, ನಡುವೆ ಬಾಯಿ ಹಾಕುತ್ತಾರೆ. ಕಿವಿ ಪಳಗುವುದು ಅದರಿಂದಲೇ. ಬರೀ ಹರಟುವ ಕೂಟಕ್ಕಿಂತ ಅಡುಗೆ, ಆಟ, ಸ್ವಯಂಸೇವೆಯಂಥ ಕೆಲಸವಿರುವ ಕಡೆ ಲಾಭ ಹೆಚ್ಚು. ‘ಅದು ಕೊಡಿ’, ‘ಇಲ್ಲಿಡಿ’ ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ, ಅರ್ಥ ಕಣ್ಣೆದುರೇ ಇರುತ್ತದೆ. ತೊಂದರೆಯೆಂದರೆ, ಸೌಜನ್ಯಕ್ಕೆ ಯಾರೂ ತಪ್ಪು ತಿದ್ದುವುದಿಲ್ಲ. ನೀವು ತಡವರಿಸಿದರೆ ಇಂಗ್ಲಿಷಿಗೆ ಜಾರುತ್ತಾರೆ. (ಸಂಕೋಚದವರಿಗೆ ಮೊದಲ ದಿನ ಹಿಂಸೆಯೇ.)

ಏನೂ ಬಾರದವರು ಒಂದೆರಡು ತಿಂಗಳು ತರಗತಿಯಲ್ಲಿ ಕೂತು ಆಮೇಲೆ ಕೂಟಕ್ಕೆ ಹೋಗುವುದು ಮೇಲು.