ಹಳೆಯ ಆಲ್ಬಮ್: ಎಲ್‌ಪಿಯೋ, ಕ್ಯಾಸೆಟ್ಟೋ, ಸಿಡಿಯೋ?

ಉಡುಪಿಯಲ್ಲಿದ್ದು ಹಳೆಯ ಸಂಗೀತದ ಆಲ್ಬಮ್ ಕೊಳ್ಳುವವರು ಮೊದಲು ಮಳೆಗಾಲವನ್ನು ನೆನೆಯಬೇಕು. ತೇವಕ್ಕೆ ಕ್ಯಾಸೆಟ್ಟಿನ ಟೇಪು ಬೂಸ್ಟು ಹಿಡಿಯುತ್ತದೆ. ಹಾಗೇ ಓಡಿಸಿದರೆ ಟೇಪನ್ನು ಓದುವ ಪ್ಲೇಯರಿನ ಹೆಡ್ಡೂ ಕೊಳೆಯಾಗಿ ಸ್ವರ ಮಸುಕಾಗುತ್ತದೆ. ಎಲ್‌ಪಿಯ (ಸೂಜಿಯಿಟ್ಟು ನುಡಿಸುವ ದೊಡ್ಡ ತಟ್ಟೆ) ಬೂಸ್ಟನ್ನು ತೊಳೆದು ತೆಗೆಯಬಹುದು, ಕಾಗದದ ಕವರು ಮಾತ್ರ ಉಳಿಯುವುದು ಕಷ್ಟ. ಒಂದರ ಮೇಲೊಂದು ಮಲಗಿಸಿಟ್ಟರೆ ತಟ್ಟೆ ಬಾಗುತ್ತದೆ, ನೆಟ್ಟಗೆ ನಿಲ್ಲಿಸಿಡಿ. ಸಿಡಿಗೆ ಈ ಕಾಟ ಕಡಿಮೆ.

ನಾದಕ್ಕೆ ನನ್ನ ಅಂಕ: ಗೀರಿಲ್ಲದ ಎಲ್‌ಪಿಗೆ ಹತ್ತಕ್ಕೆ 9, ಸಿಡಿಗೆ 8, ಕ್ಯಾಸೆಟ್ಟಿಗೆ 6. ಆದರೆ ಎಲ್‌ಪಿಯ ಒಂದು ಬದಿ ಸುಮಾರು 20–25 ನಿಮಿಷ. ದೀರ್ಘ ಆಲಾಪ ಕೇಳುವವರಿಗೆ 74 ನಿಮಿಷ ಹಿಡಿಯುವ ಸಿಡಿಯೇ ಸುಖ. ಎಲ್‌ಪಿ ದುಬಾರಿ, ಸೂಜಿಯೂ ಸವೆಯುತ್ತದೆ.

ತಾಳಮದ್ದಳೆಯ (ವೇಷ, ಕುಣಿತವಿಲ್ಲದ ಯಕ್ಷಗಾನ) ಆಸಕ್ತರು ಕ್ಯಾಸೆಟ್ಟನ್ನೇ ಹುಡುಕಲಿ: ಅನೇಕ ಹಳೆಯ ಪ್ರಸಂಗಗಳು ಬಂದದ್ದು ಅದರಲ್ಲಿ. ಕೊಂಡ ಕೂಡಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ.