ವಿಜಯಪುರದ ಭಾನುವಾರದ ಕಥಾ ಕಮ್ಮಟ: ಎಂಟು ವಾರ ಹೋಗಿ ಬಂದವಳ ಅನಿಸಿಕೆ

ಹೋದ ಭಾನುವಾರ ನಮ್ಮ ಕಮ್ಮಟ ಮುಗಿಯಿತು. ಎಂಟು ವಾರ ಬೀಳಗಿಯಿಂದ ವಿಜಯಪುರಕ್ಕೆ ಬೆಳಗಿನ ಬಸ್ಸು ಹಿಡಿದು ಹೋಗಿ, ಸಂಜೆ ವಾಪಸ್ ಬಂದಿದ್ದೇನೆ. ಹೋಗಬೇಕೋ ಬೇಡವೋ ಅಂತ ಇಬ್ಬರು ಗೆಳತಿಯರು ಕೇಳುತ್ತಲೇ ಇದ್ದಾರೆ, ಫೋನಿನಲ್ಲಿ ಎಲ್ಲ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ. ಕಥೆ ಬರೆಯುವವರು ಹೋಗಿ. ಪುಸ್ತಕ ಅಚ್ಚು ಹಾಕಿಸಲು ದುಡ್ಡು ಕೂಡಿಸಿಟ್ಟವರು, ಆ ದುಡ್ಡು ಯಾರ ಕೈಗೂ ಕೊಡುವ ಮೊದಲು ಹೋಗಿ.

ಇದಕ್ಕೆ ಬೋರ್ಡ್ ಇಲ್ಲ, ಹೆಸರೂ ಇಲ್ಲ. ನಿವೃತ್ತ ಕನ್ನಡ ಮಾಸ್ತರೊಬ್ಬರು ಗಾಂಧಿ ಚೌಕದ ಕಡೆ ಮಹಡಿ ಮೇಲಿನ ಒಂದು ಹಾಲ್‌ನಲ್ಲಿ ನಡೆಸುತ್ತಾರೆ. ಅವರಿವರಿಂದ ಕೇಳಿ ತಿಳಿದು ಬರುವವರೇ ಎಲ್ಲ. ನಮ್ಮ ಬ್ಯಾಚಿನಲ್ಲಿ 14 ಜನ ಇದ್ದೆವು. ಒಬ್ಬರು ಬಸ್ ಕಂಡಕ್ಟರ್, ಇಬ್ಬರು ನರ್ಸ್, ಸಿಂದಗಿಯಿಂದ ಬರುತ್ತಿದ್ದ ಡಿಗ್ರಿ ಹುಡುಗ ಒಬ್ಬ, ಉಳಿದವರಲ್ಲಿ ಜಾಸ್ತಿ ಜನ ನನ್ನ ಹಾಗೆ ಶಾಲೆಯವರು.

ನಾನು ಯಾಕೆ ಹೋದೆ ಅಂತ ಹೇಳಬೇಕು. ನಾಲ್ಕು ವರ್ಷದ ಹಿಂದೆ ನನ್ನ ಮೊದಲ ಸಂಕಲನ ಬಂತು. ನಮ್ಮಿಂದಲೇ ದುಡ್ಡು ತಗೊಂಡು ಪುಸ್ತಕ ಮಾಡಿಕೊಡುವ ಒಂದು ಪ್ರಕಾಶನ ಅದು. 300 ಪ್ರತಿಗೆ 48,000 ರೂಪಾಯಿ ಕೊಟ್ಟೆ, ಅದರ ಮೇಲೆ ಐಎಸ್‌ಬಿಎನ್ ನಂಬರಿಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ ಅಂತ ಬೇರೆ 3,000. ಯಾರೂ ಒಂದು ಸಾಲು ತಿದ್ದಲಿಲ್ಲ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಫೈಲನ್ನು, ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ಬದಲಿಸಿದಾಗ ನಡುವೆ ಇದ್ದ ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕೂತಿದ್ದವು, ಹಾಗೇ ಅಚ್ಚಾಯಿತು. 37ನೇ ಪುಟದಲ್ಲಿ ಒಂದು ಆಸ್ಪತ್ರೆಯ ದೃಶ್ಯ ಇದೆ, ನಮ್ಮ ಅಪ್ಪ ತೀರಿಕೊಂಡ ದಿನವನ್ನು ನೆನೆದು ಬರೆದದ್ದು. ಐಸಿಯು ಬಾಗಿಲಿನ ಬೋರ್ಡ್ ಇರಬೇಕಾದ ಜಾಗದಲ್ಲಿ ಓದಲು ಬಾರದ ಮೂರು ಒತ್ತಕ್ಷರ ಬಿದ್ದಿವೆ. ಇವತ್ತಿಗೂ ಆ ಪುಟ ತೆಗೆದರೆ ಹೊಟ್ಟೆ ಉರಿಯುತ್ತದೆ. ಇನ್ನೂರಕ್ಕೂ ಹೆಚ್ಚು ಪ್ರತಿ ಮಂಚದ ಕೆಳಗಿವೆ.

ಈಗ ಕಮ್ಮಟದ ಮಾತು. ಪ್ರತಿ ವಾರ ಇಬ್ಬರ ಕಥೆ, ಎಲ್ಲರಿಗೂ ಒಂದೊಂದು ಝೆರಾಕ್ಸ್. ಕಥೆಯನ್ನು ಮಾಸ್ತರೇ ಗಟ್ಟಿಯಾಗಿ ಓದುತ್ತಾರೆ, ಬರೆದವರು ಬಾಯಿ ಬಿಡುವ ಹಾಗಿಲ್ಲ. ಬರೆದವರೇ ಓದಿದರೆ ಹಾಳೆಯಲ್ಲಿ ಇಲ್ಲದ್ದನ್ನೂ ದನಿಯಲ್ಲಿ ತುಂಬಿಬಿಡುತ್ತಾರೆ ಅನ್ನುವುದು ಅವರ ಮಾತು. ಕೇಳುವವರ ಕೈಯಲ್ಲಿ ಪೆನ್ಸಿಲ್. ಎಲ್ಲಿ ಮನಸ್ಸು ಬೇರೆ ಕಡೆ ಹೋಯಿತೋ ಅಲ್ಲಿ ಪಕ್ಕಕ್ಕೆ ಒಂದು ಗೆರೆ ಹಾಕಬೇಕು, ಅಷ್ಟೇ. ಕೊನೆಗೆ 13 ಝೆರಾಕ್ಸ್ ಬರೆದವರ ಕೈಗೇ ಬರುತ್ತವೆ. ಹನ್ನೊಂದು ಜನ ಒಂದೇ ಜಾಗದಲ್ಲಿ ಗೆರೆ ಎಳೆದಿದ್ದರೆ ವಾದ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ನನ್ನ ಕಥೆ ಮೂರನೇ ವಾರ ಬಂತು. ಮೂಡಣ, ನೇಸರ, ಹೊಂಗಿರಣ ಅಂತ ಒಂಬತ್ತು ಸಾಲಿನಿಂದ ಶುರು ಮಾಡಿದ್ದೆ. ಮಾಸ್ತರು ಓದಿ ಮುಗಿಸಿ, ಕನ್ನಡಕ ತೆಗೆದು ಕೇಳಿದರು, "ಅಕ್ಕಾರ, ಈ ಸೂರ್ಯ ನಿಮ್ಮ ಕಥಿಗೆ ಏನ್ ಕೆಲಸ ಮಾಡ್ಯಾನ್ರೀ?" ನನ್ನ ಹತ್ತಿರ ಉತ್ತರ ಇರಲಿಲ್ಲ. "ಎರಡನೇ ಪುಟದಾಗ ಅತ್ತಿ ರೊಟ್ಟಿ ಬಡಿಯೋ ಸಪ್ಪಳ ಐತಲ್ರೀ, ನನಗ ಅಲ್ಲೇ ಎಚ್ಚರ ಆತು ನೋಡ್ರಿ."

ಆ ಸಾಲು ಹೀಗಿತ್ತು. ಅತ್ತೆಯ ಎಡಗೈ ಮುರಿದು ಪಟ್ಟಿ ಕಟ್ಟಿದ್ದಾರೆ. ಯಾರನ್ನೂ ಎಬ್ಬಿಸದೆ ನಸುಕಿನಲ್ಲೇ ಜೋಳದ ರೊಟ್ಟಿಗೆ ಕೂತಿದ್ದಾಳೆ. ಬಡಿಯುತ್ತಾಳೆ, ನಿಲ್ಲಿಸುತ್ತಾಳೆ, ಅದೇ ಬಲಗೈಯಿಂದ ರೊಟ್ಟಿ ತಿರುವುತ್ತಾಳೆ, ಮತ್ತೆ ಬಡಿಯುತ್ತಾಳೆ. ದಿನಾ ಕೇಳುವ ಸಪ್ಪಳ ತಪ್ಪಿದ್ದಕ್ಕೆ ಒಳಗೆ ಮಲಗಿದ ಸೊಸೆಗೆ ಎಚ್ಚರ ಆಗುತ್ತದೆ. ಇದನ್ನು ಎರಡನೇ ಪುಟದ ನಡುವೆ ಹೂತುಬಿಟ್ಟಿದ್ದೆ. ಅವತ್ತು ಸಂಜೆ ಬಸ್ಸಿನಲ್ಲಿ ಕೂತು ಅದಕ್ಕೂ ಮೊದಲಿದ್ದದ್ದನ್ನೆಲ್ಲ ಹೊಡೆದು ಹಾಕಿ ಸಪ್ಪಳದಿಂದಲೇ ಶುರು ಮಾಡಿದೆ. ಆಮೇಲೆ ಮೂರು ಸಲ ಬರೆದೆ, 11 ಪುಟ ಇದ್ದದ್ದು ಆರಕ್ಕೆ ಬಂತು.

ಭಾಷೆಯ ವಿಷಯದಲ್ಲಿ ಕಲಿತದ್ದೂ ಜಾಸ್ತಿ. ನನ್ನ ಕಥೆಯಲ್ಲಿ ಅತ್ತೆ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಿದ್ದಳು. ಅಚ್ಚಾಗುವ ಭಾಷೆ ಅಂದರೆ ಹಾಗೇ ಇರಬೇಕು ಅಂತ ಚಿಕ್ಕಂದಿನಿಂದ ತಲೆಯಲ್ಲಿ ಕೂತುಬಿಟ್ಟಿದೆ, ಅಲ್ವಾ? "ಬೀಳಗಿ ಅತ್ತಿ ಹಿಂಗ ಮಾತಾಡ್ತಾಳೇನ್ರೀ?" ಅಂತ ಕೇಳಿ, ಮಾಸ್ತರು ಚಂದ್ರಶೇಖರ ಕಂಬಾರರ ಮಾತು ತೆಗೆದರು. ಹುಕ್ಕೇರಿ ತಾಲೂಕಿನ ಘೋಡಗೇರಿಯವರು, ನಮ್ಮ ಕಡೆಯ ಮಾತನ್ನೇ ಬರೆದವರು, 2010ರ ಜ್ಞಾನಪೀಠ ಅವರಿಗೆ ಬಂದದ್ದು ಎಲ್ಲರಿಗೂ ಗೊತ್ತು. ಹಾಗಂತ ಪ್ರತಿ ಶಬ್ದವನ್ನೂ ಆಡುಮಾತಿನ ಹಾಗೆ ಬರೆದರೆ ಮೈಸೂರಿನ ಓದುಗ ಎರಡನೇ ಸಾಲಿಗೇ ನಿಲ್ಲುತ್ತಾನೆ. ಕ್ರಿಯಾಪದದ ಕೊನೆ ನಮ್ಮದಿರಲಿ, ಮಾತಿಗೆ ಒಂದೋ ಎರಡೋ ಪದ ನಮ್ಮ ಮನೆಯದಿರಲಿ, ಉಳಿದದ್ದನ್ನು ಓದುಗನ ಕಿವಿಯೇ ತುಂಬಿಕೊಳ್ಳುತ್ತದೆ ಅಂದರು. ಹಾಗೆ ಮಾಡಿ ನೋಡಿದೆ, ಅತ್ತೆ ಎದುರಿಗೇ ಬಂದು ಕೂತ ಹಾಗಾಯಿತು. ವಾರಕ್ಕೆ ಎರಡು ಪುಟ, ಕಿವಿಗೆ ಬಿದ್ದ ಮಾತು ಬರೆದು ತರಬೇಕು ಅನ್ನುವ ಮನೆಗೆಲಸವೂ ಇತ್ತು. ಕೊಲ್ಹಾರದಲ್ಲಿ ಗಡಿಗೆ ಮೊಸರು ಮಾರುವವರ ಮಾತಿನಿಂದಲೇ ನನ್ನ ಅರ್ಧ ನೋಟ್‌ಬುಕ್ ತುಂಬಿದೆ.

ಕೊನೆಯ ವಾರ ಪ್ರಕಟಣೆ ಮತ್ತು ದುಡ್ಡಿನ ವಿಷಯ. ಇದು ಒಂದೇ ದಿನಕ್ಕೆ ಮುಗಿಯುವ ವಿಷಯ ಅಲ್ಲವೇ ಅಲ್ಲ. ಮೂರೂವರೆ ಗಂಟೆಯಲ್ಲಿ ಎಲ್ಲಾ ತುರುಕಿದರು, ನೋಟ್ಸ್ ಬರೆದು ಬರೆದು ಕೈ ಸೋತಿತು. ಆದರೂ ಅವತ್ತು ಗೊತ್ತಾದದ್ದು ನನಗೆ ನಾಲ್ಕು ವರ್ಷ ಮೊದಲೇ ಗೊತ್ತಿರಬೇಕಿತ್ತು. ಐಎಸ್‌ಬಿಎನ್ ನಮ್ಮ ದೇಶದಲ್ಲಿ ಪುಕ್ಕಟೆ. ಕೇಂದ್ರ ಸರ್ಕಾರದ ಕೆಳಗಿರುವ ರಾಜಾ ರಾಮಮೋಹನ ರಾಯ್ ಹೆಸರಿನ ಏಜೆನ್ಸಿ ಕೊಡುತ್ತದೆ, ಆನ್‌ಲೈನ್ ಅರ್ಜಿ ಹಾಕಿದರೆ ಆಯಿತು, ಬರೆದವರೇ ತಮ್ಮ ಹೆಸರಿನಲ್ಲೂ ಪಡೆಯಬಹುದು. ನನ್ನ 3,000 ಎಲ್ಲಿ ಹೋಯಿತು ಅಂತ ಆಗ ಅರ್ಥ ಆಯಿತು.

ಕರಾರಿನ ಬಗ್ಗೆ ಹೇಳಿದ್ದಂತೂ ಪ್ರತಿಯೊಬ್ಬರಿಗೂ ಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನಾವು ಬರೆದದ್ದರ ಹಕ್ಕು ನಾವು ಬದುಕಿರುವವರೆಗೆ, ಆಮೇಲೂ 60 ವರ್ಷ ನಮ್ಮ ವಾರಸುದಾರರಿಗೆ. ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ, ಬರೆದ ಕೂಡಲೇ ಹಕ್ಕು ಬರುತ್ತದೆ. ಹಕ್ಕು ಬರೆದುಕೊಡುವ ಪತ್ರದಲ್ಲಿ ಎಷ್ಟು ವರ್ಷ ಅಂತ ಹಾಕದಿದ್ದರೆ ಐದು ವರ್ಷ ಅಂತ ಲೆಕ್ಕ. ಹಾಗಾಗಿ "ಸರ್ವಹಕ್ಕುಗಳೂ, ಶಾಶ್ವತವಾಗಿ" ಅಂತ ಇರುವ ಹಾಳೆಗೆ ಸುಮ್ನೆ ಸಹಿ ಹಾಕಬೇಡಿ. ಈ ಆವೃತ್ತಿಯ ಮುದ್ರಣ ಹಕ್ಕು ಬೇರೆ, ಅನುವಾದ ಬೇರೆ, ಆಡಿಯೋ ಬೇರೆ, ಸಿನಿಮಾ ಬೇರೆ. ಒಂದೊಂದನ್ನೂ ಹೆಸರಿಸಿ ಬರೆಸಿ.

ದುಡ್ಡಿನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರು. 150 ರೂಪಾಯಿಯ ಪುಸ್ತಕ, ಬರೆದವರಿಗೆ 10 ಪರ್ಸೆಂಟ್ ಗೌರವಧನ, 500 ಪ್ರತಿ ಪೂರ್ತಿ ಖರ್ಚಾದರೆ 7,500 ರೂಪಾಯಿ. ಅದಕ್ಕೂ ವರ್ಷಗಟ್ಟಲೆ ಕಾಯಬೇಕು, ಎಷ್ಟೋ ಕಡೆ ದುಡ್ಡಿನ ಬದಲು ಪ್ರತಿಗಳನ್ನೇ ಕೊಡುತ್ತಾರೆ. ಸಿಂದಗಿಯ ಹುಡುಗನ ಮುಖ ಸಣ್ಣದಾಯಿತು. ಅವನಿಗೆ ಬರವಣಿಗೆಯಿಂದಲೇ ಬದುಕಬೇಕು ಅಂತ ಆಸೆ. ಮಾಸ್ತರು ಅವನನ್ನು ಹತ್ತಿರ ಕೂರಿಸಿಕೊಂಡು, "ತಮ್ಮಾ, ಕಥಿ ಬರಿ, ಜೊತಿಗೆ ಅನುವಾದ ಕಲಿ, ಡಬ್ಬಿಂಗ್ ಸ್ಕ್ರಿಪ್ಟ್ ಬರಿ, ಬರವಣಿಗಿಗೆ ಸಂಬಳ ಕೊಡೋ ಕೆಲಸ ಅವ" ಅಂದರು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡುತ್ತದೆ, ಅದಕ್ಕೆ ಹಸ್ತಪ್ರತಿ ರೆಡಿ ಮಾಡು ಅಂತಲೂ ಹೇಳಿದರು. ನನಗೆ ಆ ವಯಸ್ಸೂ ದಾಟಿದೆ, ಮೊದಲ ಪುಸ್ತಕವೂ ಆಗಿಹೋಗಿದೆ. ಅವನಿಗಾದರೂ ಸಿಗಲಿ.

ಇದೇ ಊರಿನಲ್ಲಿ ವಕೀಲಿ ಮಾಡುತ್ತಾ ಊರೂರು ತಿರುಗಿ ವಚನದ ಓಲೆಗರಿ ಕೂಡಿಸಿದ ಫ.ಗು. ಹಳಕಟ್ಟಿಯವರ ಮಾತೂ ಬಂತು. ಅಚ್ಚು ಹಾಕಲೆಂದೇ ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು, 1926ರಲ್ಲಿ ಶಿವಾನುಭವ ಪತ್ರಿಕೆ ತಂದರು. ಇದನ್ನು ಹೇಳುವಾಗ ಮಾಸ್ತರ ಗಂಟಲು ಕಟ್ಟಿತು, ಹಾಲ್ ಪೂರ್ತಿ ಸುಮ್ಮನಾಯಿತು.

ಕೊರತೆಗಳನ್ನೂ ಹೇಳುತ್ತೇನೆ. ಪದ್ಯ ಬರೆಯುವವರಿಗೆ ಇಲ್ಲಿ ಏನೂ ಇಲ್ಲ, ಮಕ್ಕಳ ಕಥೆಗೂ ಇಲ್ಲ. ಮಾಸ್ತರಿಗೆ ಹಳ್ಳಿಯ, ಮನೆತನದ ಕಥೆ ಅಂದರೆ ಪ್ರಾಣ, ನರ್ಸ್ ಒಬ್ಬರು ತಂದ ಪತ್ತೇದಾರಿ ಕಥೆಗೆ ಕೊಡಬೇಕಾದಷ್ಟು ಗಮನ ಕೊಡಲಿಲ್ಲ, ನನಗೆ ಬೇಜಾರಾಯಿತು. ಚರ್ಚೆ ಶುರುವಾದರೆ ಇಬ್ಬರು ಗಂಡಸರೇ ಅರ್ಧ ಗಂಟೆ ಮಾತಾಡುತ್ತಿದ್ದರು, ಅವರನ್ನು ಯಾರೂ ತಡೆಯಲಿಲ್ಲ. ಒಂದೊಂದು ಕಥೆಗೆ ಇಷ್ಟು ನಿಮಿಷ ಅಂತ ಗಡಿಯಾರ ಇಟ್ಟರೆ ಸರಿಹೋಗುತ್ತದೆ. ಹೆಂಗಸರಿಗೆ ಕೆಳಗಿನ ಶೌಚಾಲಯದ ಬೀಗದ ಕೈ ಕೇಳಿ ಪಡೆಯಬೇಕು, ಅದನ್ನು ಬೆಳಿಗ್ಗೆಯೇ ತೆಗೆದಿಟ್ಟರೆ ಸಾಕು. ಕರೆಂಟು ಹೋದರೆ ಫ್ಯಾನ್ ಇಲ್ಲ, ನಮ್ಮ ಕಡೆ ಬಿಸಿಲು ನಿಮಗೆ ಗೊತ್ತೇ ಇದೆ.

ಎಂಟು ವಾರಕ್ಕೆ 2,400 ರೂಪಾಯಿ, ಚಹಾ ಅದರಲ್ಲೇ. ಝೆರಾಕ್ಸ್ ಖರ್ಚು ನಿಮ್ಮದು. ಬೆಳಿಗ್ಗೆ 10ಕ್ಕೆ ಶುರು, ಒಂದೂವರೆಗೆ ಬಿಡುತ್ತಾರೆ. ಮುಂದಿನ ಬ್ಯಾಚ್ ದಸರಾ ಆದ ಮೇಲೆ ಅಂತ ಹೇಳಿದ್ದಾರೆ. ಹೋಗುವವರು ಮುಗಿಸಿದ ಕಥೆ ಒಂದನ್ನು ತಗೊಂಡು ಹೋಗಿ, ಅರ್ಧ ಬರೆದದ್ದನ್ನು ಅವರು ಓದುವುದಿಲ್ಲ. ಯೂನಿಕೋಡಿನಲ್ಲೇ ಟೈಪ್ ಮಾಡಿ. ನನ್ನ ಆರು ಪುಟ ಈ ಸಲದ ದೀಪಾವಳಿ ಕಥಾಸ್ಪರ್ಧೆಗೆ ಹೋಗುತ್ತದೆ, ಮೊದಲು ಅತ್ತೆಗೆ ಒಂದು ಸಲ ಓದಿ ಹೇಳಬೇಕು.